ಪುಟ್ಟಿಯ ತೋಳಿನಲ್ಲಿ ಏಳದ ಗಂಟು

ಮಾರ್ಚ್ ೧೨, ಬುಧವಾರ.

ಪುಟ್ಟಿಯ ತೋಳಿಗೆ ಕ್ಷಯದ ಪರೀಕ್ಷೆಯ ಸೂಜಿ ಚುಚ್ಚಿ ಎರಡು ದಿನವಾಯಿತು. ಸುತ್ತ ಪೆನ್ನಿನಿಂದ ಗೆರೆ ಎಳೆದ ನರ್ಸ್, "ಕೆಂಪಗಾದ್ರೆ ಲೆಕ್ಕಕ್ಕಿಲ್ಲಮ್ಮ, ಗಟ್ಟಿಯಾಗಿ ಊದಿದ್ಯಾ ಅಂತ ನಾವೇ ನೋಡ್ತೀವಿ. ನೀವು ಮುಟ್ಟೋಕೆ ಹೋಗ್ಬೇಡಿ" ಎಂದಿದ್ದಳು. ಇವತ್ತು ನಾಲ್ಕು ಸಲ ಮುಟ್ಟಿದೆ. ಮೆತ್ತಗೇ ಇದೆ.

ಕಾಲೇಜಿನಲ್ಲಿ ಇದನ್ನೇ ಬರೆದು ಪೂರ್ತಿ ಅಂಕ ತೆಗೆದವಳು ನಾನು. ರೋಗಾಣುವನ್ನು ನುಂಗಿದ ಬಿಳಿ ರಕ್ತಕಣ ರಾಸಾಯನಿಕ ಸಂದೇಶ ಕಳಿಸಿ ಉಳಿದ ಕಣಗಳನ್ನು ಕರೆಯುತ್ತದೆ. ಅವು ಬಂದು ರೋಗಾಣುವನ್ನು ಸುತ್ತುಗಟ್ಟುತ್ತವೆ. ಹಾಗೆ ಒಮ್ಮೆ ಕಲಿತ ಕಣಗಳೇ ಸೂಜಿಯ ಜಾಗಕ್ಕೂ ಓಡಿಬಂದು ಗಂಟಾಗುತ್ತವೆ. ಗಂಟಿಲ್ಲವೆಂದರೆ ರೋಗಾಣು ಬಂದೇ ಇಲ್ಲದಿರಬಹುದು. ಇಲ್ಲವೇ ಬಂದಿದ್ದರೂ, ಐದು ತಿಂಗಳ ಕೂಸಿನ ಕಣಗಳಿಗೆ ಇನ್ನೂ ಕೂಗಿ ಕರೆಯಲು ಬಾರದೆಯೂ ಇರಬಹುದು.

"ಡಾಕ್ಟ್ರಿಗೆ ತೋರ್ಸಮ್ಮ, ಎಷ್ಟು ದಿನ ಹೀಗೆ ಕೆಮ್ತೀಯ?" ಎಂದು ಅತ್ತೆ ಬಡಿದುಕೊಂಡಿದ್ದರು. "ಧೂಳಿನ ಅಲರ್ಜಿ ಅತ್ತೆ. ಓದಿರೋಳು ನಾನಾ, ನೀವಾ?" ಎಂದಿದ್ದೆ. ಒಂದೂವರೆ ತಿಂಗಳು ಆ ಕೆಮ್ಮಿನಲ್ಲೇ ಪುಟ್ಟಿಯನ್ನು ಎದೆಗವಚಿಕೊಂಡು ಮಲಗಿದೆ. ಅದು ಕ್ಷಯವೆಂದು ಗೊತ್ತಾಗಿ ಈಗ ನನಗೆ ಮಾತ್ರೆ, ಮಾಸ್ಕು, ಬೇರೆ ಕೋಣೆ. ಅವಳು ಅತ್ತೆಯ ಪಕ್ಕದಲ್ಲಿ.

ನಾಳೆ ನರ್ಸ್ ಮುಟ್ಟಿ ನೋಡುತ್ತಾಳೆ. ಗಂಟು ಇರಲಿ ಎಂದು ಬೇಡಲೋ, ಇರದಿರಲಿ ಎಂದೋ? ಅವರಿಬ್ಬರ ಕೋಣೆಯಲ್ಲಿ ಈಗ ಯಾರೋ ಕೆಮ್ಮಿದರು. ಅತ್ತೆಯೇ ಇರಬೇಕು. ಅತ್ತೆಯೇ ಆಗಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೇನೆ.