ತಳ ಹಿಡಿದ ಔಷಧಿ

ವಗ್ದಿ,

ವಿಳಾಸ ಬಿಡದೆ ಓಡಿದವನಿಗೆ 'ಪ್ರಿಯ' ಎಂದು ಬರೆದು ಶಾಯಿ ಕೆಡಿಸಲಾರೆ.

ಮಕ್ಕಳ ಜ್ವರಕ್ಕೆಂದು ಲ್ಯಾಬಿನಲ್ಲಿ ನಾನು ಬೆರೆಸಿದ ಪ್ಯಾರಾಸಿಟಮಾಲ್ ಸಿರಪ್ಪಿನ ಪರೀಕ್ಷೆ ಇವತ್ತಿತ್ತು. ನೀರಲ್ಲಿ ತೇಲಬೇಕಾದ ಆ ಪುಡಿಯೂ ನಮ್ಮ ಅರಬಿಯಲ್ಲಿ 'ಮುಅಲ್ಲಕ್', ತೂಗುಬಿಟ್ಟದ್ದು; ಬಾಳಿಸದೆ, ತಲಾಖೂ ಕೊಡದೆ ನೀನು ತೂಗುಬಿಟ್ಟ ನಾನೂ 'ಮುಅಲ್ಲಕಾ', ತೂಗುಬಿದ್ದವಳು. ಅದಕ್ಕೆ ಬಾಟಲಿಯಾದರೂ ಇದೆ.

ಬಾಟಲಿ ಬೋರಲು ಹಿಡಿದು ನೋಡಿದರೆ ಪುಡಿ ತಳದಲ್ಲಿ ಗಾರೆಯಂತೆ ಕೂತಿತ್ತು. ಪುಡಿಯನ್ನು ತೇಲಿಸಿ ಹಿಡಿಯುವ ಅಂಟು ಸಾಲದಾಗಿತ್ತು, ನಿನ್ನ ನಂಟಿನ ಹಾಗೆ.

"ಇನ್ನೊಂಚೂರು ಕುಲುಕಿ ಡಾಕ್ಟರಮ್ಮ, ಏಳತ್ತೆ," ಅಂದ ಸಹಾಯಕ ರಮ್ಜಿ.

ಅಷ್ಟರಲ್ಲಿ ನಿನ್ನಕ್ಕ ಇನ್ಶಿರಾಹಳ ಫೋನು.

"ಕೋರ್ಟು ಗೀರ್ಟು ಬೇಡ ಕಣೇ. ಇನ್ನೊಂದಿಷ್ಟು ದಿನ ತಡ್ಕೋ, ಅವನ ಮನಸ್ಸು ತಿರುಗತ್ತೆ."

"ತಿರುಗಿಸಿ ನೋಡಿದೆ ಅತ್ತಿಗೆ, ತಳ ಬಿಡ್ತಿಲ್ಲ."

"ಏನದು?"

"ಔಷಧಿ."

ರಮ್ಜಿಯ ಕೈಯಿಂದ ಬಾಟಲಿ ಕಸಿದುಕೊಂಡೆ. ಹೀಗೇ ಬಿಟ್ಟರೆ ಒಂದು ಮಗುವಿಗೆ ಬರೀ ಸಕ್ಕರೆ ನೀರು, ಇನ್ನೊಂದಕ್ಕೆ ಅತಿಯಾದ ಮದ್ದು. ಚೆಲ್ಲಿಸಿದೆ. ಕೋಟು ಕಳಚಿ ನೇರ ಅಲೆಕ್ಸಾಂಡ್ರಿಯಾದ ಕುಟುಂಬ ನ್ಯಾಯಾಲಯಕ್ಕೆ ಹೋಗಿ, ನಿನ್ನಿಂದ ಬಿಡುಗಡೆಗೆ ಅರ್ಜಿ ಕೊಟ್ಟೆ.

ಗುಮಾಸ್ತ ಗಂಡನ ಹೆಸರು ಕೇಳಿದ. ಹೇಳಿದೆ.

"ಕೇಳಿಸ್ಲಿಲ್ಲ, ಸ್ವಲ್ಪ ಜೋರಾಗಿ ಹೇಳಮ್ಮ," ಅಂದ.

ನಿನ್ನ ಹೆಸರನ್ನು ಇನ್ನೊಮ್ಮೆ ಹೇಳಬೇಕಾಯಿತು, ದರಿದ್ರದವನೆ.