ಭದ್ರಾವತಿಯ ಒಲೆ ಮುಂದೆ ಸುಭದ್ರ ಕೇಳಿದ ಪ್ರಶ್ನೆ

ಶಿವಮೊಗ್ಗ
೧೨–೧–೧೯೬೪, ಭಾನುವಾರ

ಚಿ॥ ಸೌ॥ ಮಹಾಂತಮ್ಮನಿಗೆ ಷಣ್ಮುಖಪ್ಪ ಮಾಡುವ ಆಶೀರ್ವಾದ.

ಇಲ್ಲಿ ನಾನೂ ಮಗಳೂ ಕ್ಷೇಮ. ನಿನ್ನ ತವರಲ್ಲಿ ಅತ್ತೆಯವರ ಕಾಲಿನ ಕಟ್ಟು ಬಿಚ್ಚಿದರೋ? ಕುಂಸಿಯ ನಾಟಿ ವೈದ್ಯ ಹೇಳುವುದನ್ನೆಲ್ಲ ನಂಬಬೇಡ. ನಿನ್ನ ಕೆಮ್ಮು ಹೇಗಿದೆ? ಸಂಕ್ರಾಂತಿಗೆ ಬರಲಾಗದಿದ್ದರೆ ಬೆಲ್ಲದ ಡಬ್ಬಿ ಎಲ್ಲಿಟ್ಟಿದ್ದೀಯ ಅಂತಲಾದರೂ ಬರೆ.

ಈಗ ವಿಷಯಕ್ಕೆ ಬರುತ್ತೇನೆ. ಸುಭದ್ರ ಪಿ.ಯು.ಸಿ.ಯಲ್ಲಿ ಸಮಾಜಶಾಸ್ತ್ರ ತೆಗೆದುಕೊಂಡಾಗಲೇ ನನಗೆ ಅನುಮಾನವಿತ್ತು. ಅತ್ತೆ ಸೊಸೆಗೆ ಆಗಿಬರುವುದಿಲ್ಲ, ಬೀಗರು ಮುನಿಸಿಕೊಳ್ಳುತ್ತಾರೆ ಎಂದು ಕಲಿಸಲು ಸಂಬಳ ಕೊಟ್ಟು ಮೇಷ್ಟ್ರನ್ನು ಇಡುತ್ತಾರೆಯೇ? ನಮ್ಮ ಪಾತ್ರೆ ಅಂಗಡಿಯ ಕಟ್ಟೆ ಮೇಲೆ ಕೂತರೆ ಸಾಯಂಕಾಲದೊಳಗೆ ಬಿಟ್ಟಿಯಾಗಿ ಕಲಿಯಬಹುದು. ಸಾಲದ್ದಕ್ಕೆ ಆ ಮೇಷ್ಟ್ರು, ಮನೆಮನೆಗೆ ಹೋಗಿ ಕೇಳಿಕೊಂಡು ಬನ್ನಿ ಅಂದರಂತೆ: ಮನೆಯಲ್ಲಿ ಮೊದಲು ಉಣ್ಣುವವರು ಯಾರು, ಯಾರ ಮಾತು ನಡೆಯುತ್ತದೆ, ಮದುವೆ ಗೊತ್ತು ಮಾಡುವವರು ಯಾರು. ಮೊದಲು ಇದು ಮಾರಾಟ ತೆರಿಗೆಯವರ ಕಿತಾಪತಿ ಅಂದುಕೊಂಡೆ. "ಭದ್ರಾವತಿಗೆ ಹೋಗ್ತೀನಿ, ಕಾರ್ಖಾನೆ ಕ್ವಾರ್ಟರ್ಸಲ್ಲಿ ಕೇಳ್ಬೇಕು" ಅಂದ ದಿನ ಅನುಮಾನ ದಿಕ್ಕು ಬದಲಾಯಿಸಿತು. ಶಿವಮೊಗ್ಗದಲ್ಲಿ ಜನ ಉಣ್ಣುವುದಿಲ್ಲವೇ? ಅಲ್ಲಿ ಯಾವನೋ ಇದ್ದಾನೆ ಅಂತಲೇ ತೀರ್ಮಾನಿಸಿದೆ.

ಗೆಳತಿ ಸೀತಾಳ ಜೊತೆ ಅವಳು ರೈಲು ಹತ್ತಿದಳು. ನಾನು ಹಿಂದಿನ ಡಬ್ಬಿಯಲ್ಲಿ. ಇಬ್ಬರೂ ಒಂದು ಮನೆ ಹೊಕ್ಕರು. ನಾನು ಎದುರಿನ ಬೇಲಿ ಪಕ್ಕ ಕೊಡೆ ಮರೆಮಾಡಿಕೊಂಡು ನಿಂತೆ. ಆ ಮನೆಯ ಕಲ್ಲಮ್ಮನ ಕಣ್ಣು ನನ್ನ ಕಣ್ಣಿಗಿಂತ ಚುರುಕು, ಮಾರಾಯ್ತಿ! ಲಕ್ಷಣವಾದ ಹುಡುಗಿ ಒಳಗೆ ಬಂದು ಮದುವೆಯ ಮಾತೆತ್ತುತ್ತಾಳೆ, ಹೊರಗೆ ವಿಭೂತಿ ಇಟ್ಟ ಯಜಮಾನ ಮುಖ ಮುಚ್ಚಿಕೊಂಡು ನಿಂತಿದ್ದಾನೆ. ಹೆಣ್ಣಿನ ಕಡೆಯವರು ಗುಟ್ಟಾಗಿ ಮನೆ ನೋಡಲು ಬಂದಿದ್ದಾರೆ ಎಂದೇ ತಿಳಿದಳು. ಗಂಡ ಚಂದ್ರಶೇಖರಪ್ಪನನ್ನು ಹೊರಗಟ್ಟಿದಳು. "ಬೀದೀಲಿ ಯಾಕೆ ನಿಂತ್ರಿ ಯಜಮಾನ್ರೇ, ಒಳಗೆ ಬನ್ನಿ. ತಮ್ಮ ಬೆಡಗು ಯಾವುದು?" ಅಂದ.

ಕುಲದ ಬೆಡಗು ಕೇಳುವುದು ಮದುವೆಯ ಮಾತಿಗೇ; ಅದನ್ನೇ ಕೇಳಿದ ಮೇಲೆ ಇನ್ನೇನು ಉಳಿಯಿತು? ಮಾತು ಬಹಳ ದೂರ ಹೋಗಿದೆ ಅಂದುಕೊಂಡೆ. ಸುಭದ್ರ ಅಡುಗೆಮನೆಯಲ್ಲಿ ಹಿರಿಸೊಸೆಯ ಜೊತೆ ಕೂತಿದ್ದಳು. ನಾನು ಪಡಸಾಲೆಯಲ್ಲಿ ಕೂತು ಅವರ ಮದುವೆಯಾಗದ ಮಗನ ವಿಚಾರಣೆಗೆ ಶುರುವಿಟ್ಟೆ: ಯಾವ ಶಿಫ್ಟು, ಬೀಡಿ ಸೇದುತ್ತಾನೋ, ಸಾಯಂಕಾಲ ಎಲ್ಲಿ ತಿರುಗುತ್ತಾನೆ. ಅವನ ಕಳ್ಳತನ ಹಿಡಿಯುವುದು ನನ್ನ ಉದ್ದೇಶ. ಮಾವನಾಗುವವನು ಎಷ್ಟು ಜೋಪಾನವಾಗಿ ವಿಚಾರಿಸುತ್ತಿದ್ದಾನೆ ಎಂದು ಅವರಿಗೆ ಸಂತೋಷ. "ಸೊಸೆ ಅಂದ್ರೆ ನಮಗೆ ಮಗಳೇ. ಓದ್ತೀನಿ ಅಂದ್ರೆ ಓದಿಸ್ತೀವಿ" ಅಂದಳು ಕಲ್ಲಮ್ಮ. ಪಾತ್ರೆ ಕೊಳ್ಳುವ ಮುಂಚೆ ಬೆರಳಲ್ಲಿ ತಟ್ಟಿ ನೋಡುವ ಕೈ ನನ್ನದು. ಸದ್ದು ಚೆನ್ನಾಗಿಯೇ ಬಂತು.

ಮೊನ್ನೆ ಗುರುವಾರ ಅವರೆಲ್ಲ ಹಣ್ಣು, ಎಲೆಅಡಿಕೆ ಹಿಡಿದು ನಮ್ಮ ಬಾಗಿಲಿಗೇ ಬಂದರು. ಹುಡುಗ ಸುಭದ್ರಳನ್ನು ಮೊದಲ ಸಲ ನೋಡುತ್ತಿದ್ದಾನೆಂಬುದು ಅವನು ಕಾಫಿ ಚೆಲ್ಲಿಕೊಂಡ ರೀತಿಯಲ್ಲೇ ಗೊತ್ತಾಯಿತು. ನನ್ನ ಅನುಮಾನ ನೆಲಕಚ್ಚಿತು, ಆದರೆ ಸಂಬಂಧ ಒಳ್ಳೆಯದೆನಿಸಿತು. ಮಾಘದಲ್ಲೇ ಮುಹೂರ್ತ, ಪರೀಕ್ಷೆ ತಮ್ಮ ಮನೆಯಿಂದಲೇ ಬರೆಯಲಿ ಅಂದರು. ನಿನಗೆ ತಿಳಿಸಿ ಹೂಂ ಅನ್ನುವುದರಲ್ಲಿದ್ದೆ.

ಸುಭದ್ರ ಅಂದು ಅನ್ನ ಮುಟ್ಟಲಿಲ್ಲ. ಮರುದಿನ ಬಾಯಿಬಿಟ್ಟಳು. "ಅಪ್ಪಾ, ಜನ ಹೇಳಿದ್ದನ್ನ ಹೊರಗೆ ಆಡಬಾರದು ಅಂತ ಮೇಷ್ಟ್ರು ಮಾತು ತಗೊಂಡಿದಾರೆ. ನನ್ನ ಕುತ್ತಿಗೆಗೇ ಬಂದಿದ್ದಕ್ಕೆ ಹೇಳ್ತೀನಿ. ಆ ಹಿರಿಸೊಸೆಗೂ ಓದಿಸ್ತೀವಿ ಅಂದೇ ಮದುವೆ ಮಾಡ್ಕೊಂಡಿದ್ರು. ಪರೀಕ್ಷೆ ದಿನ ಹೋಳಿಗೆ ತಟ್ಟೋಕೆ ಕೂರಿಸಿದ್ರಂತೆ. ನೀವು ಪಡಸಾಲೇಲಿ ಕೇಳಿದ್ರಿ, ನಾನು ಒಲೆ ಮುಂದೆ ಕೇಳ್ದೆ."

ಮದುವೆ ತಪ್ಪಿಸಿಕೊಳ್ಳಲು ಕಟ್ಟಿದ ಕತೆ ಇರಬಹುದೆಂದು ನಿನ್ನೆ ಮತ್ತೆ ಭದ್ರಾವತಿಗೆ ಹೋದೆ. ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೊಕ್ಕೆ. ಸೊಸೆ ಪಾತ್ರೆ ತಿಕ್ಕುತ್ತಿದ್ದಳು. ಎಲ್ಲಿವರೆಗೆ ಓದಿದ್ದೀಯಮ್ಮ ಅಂತ ಕೇಳಿದೆ. "ನಂಗೇ ಓದು ಬೇಡ ಅನ್ನಿಸ್ತು ಯಜಮಾನ್ರೇ" ಅಂದಳು. ಆದರೆ ಆ ಮಾತು ಬರುವ ಮೊದಲು ಅವಳ ಕಣ್ಣು ಅಡುಗೆಮನೆ ಬಾಗಿಲಿಗೆ ಹೋಗಿ ಬಂತು. ಬಿರುಕು ಕೇಳಿಸಿತು ಮಹಾಂತಮ್ಮ.

ಪಡಸಾಲೆಗೆ ಬಂದು, ಹುಡುಗಿ ಬಿ.ಎ. ಮುಗಿಸಲಿ, ಈಗ ಮದುವೆಯ ಮಾತಿಲ್ಲ ಎಂದು ಹೇಳಿ ಹೊರಟೆ. "ಹಂಗಾದ್ರೆ ನಮ್ಮನೆ ಹೊಕ್ಕು ಅಷ್ಟೆಲ್ಲ ಕೇಳಿದ್ದು ಯಾತಕ್ಕೆ?" ಅಂದಳು ಕಲ್ಲಮ್ಮ. ಸಮಾಜಶಾಸ್ತ್ರಕ್ಕೆ ಅಂದೆ. ಅವಳು ನಂಬಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಅತ್ತೆಯವರ ಪಾದಕ್ಕೆ ನನ್ನ ಶರಣು ತಿಳಿಸು. ಚಳಿಗೆ ಕಿವಿ ಕಟ್ಟಿಕೋ.

ಇತಿ,
ಷಣ್ಮುಖಪ್ಪ

ವಿ.ಸೂ.: ಲಕೋಟೆ ಅಂಟಿಸುವಾಗ ತಿಳಿದದ್ದು. ನೀನು ಕುಂಸಿಗೆ ಹೊರಡುವ ಮುಂಚೆ ಸುಭದ್ರ ನಿನ್ನನ್ನೂ ಒಲೆ ಮುಂದೆ ಅದೇ ಪ್ರಶ್ನೆಗಳನ್ನು ಕೇಳಿದ್ದಾಳಂತೆ. ಏನು ಹೇಳಿದಳು ನಿಮ್ಮಮ್ಮ ಅಂದರೆ, ಮೇಷ್ಟ್ರಿಗೆ ಮಾತು ಕೊಟ್ಟಿದೀನಿ ಅನ್ನುತ್ತಾಳೆ. ಈ ಮನೆಯಲ್ಲಿ ನಿಮ್ಮಮ್ಮನ ಮಾತೇ ನಡೆಯುವುದು ಅಂದೆ. ನಕ್ಕು ಒಳಗೆ ಹೋದಳು. ನೀನು ಹೇಳಿದ್ದೇನು, ತಪ್ಪದೆ ಬರೆ. ಬರೆಯುವಾಗ ಬಾಗಿಲ ಕಡೆ ನೋಡಬೇಡ. ನಾನು ಶಿವಮೊಗ್ಗದಲ್ಲೇ ಇದ್ದೇನೆ.