ಗಂಗಾರಾಮ ಬಡಿದ ಮೊಳೆ

4 ಮೇ 1993, ಮಂಗಳವಾರ. ಬನಹಟ್ಟಿ

ರಜೆ ಇನ್ನು ಹನ್ನೆರಡೇ ದಿನ. ಬೆಳಿಗ್ಗೆ ಎರಡು ರೊಟ್ಟಿ, ಮಡಕಿಕಾಳು ಪಲ್ಯ, ಮತ್ತೆ ಓದು. ಪಲ್ಟನ್ನಿನಲ್ಲಿ ಹದಿಮೂರು ವರ್ಷ ರೈಫಲ್ ರಿಪೇರಿ ಮಾಡಿದ ಕೈ, ಕಣ್ಣು ಕಟ್ಟಿದರೂ ಬಿಚ್ಚಿ ಜೋಡಿಸುತ್ತದೆ. ಬಾಯಿಗೆ ಮಾತ್ರ ಆ ಬುದ್ಧಿ ಇಲ್ಲ. ಜೂನ್ ಮೂರಕ್ಕೆ ಉಸ್ತಾದ್ ಟೆಸ್ಟ್. ಎಲ್ಲರ ಮುಂದೆ ನಿಂತು ಪಾಠ ಹೇಳಬೇಕು. ಪಾಸಾದರೆ ಟ್ರೇನಿಂಗ್ ಸೆಂಟರ್, ಫ್ಯಾಮಿಲಿ ಕ್ವಾರ್ಟರು... ಹೊಳೆವ್ವ ಜೊತೆಗಿರಬಹುದು. ಮದುವೆಯಾಗಿ ಒಂಬತ್ತು ವರ್ಷ. ಕೂಡಿ ಇದ್ದದ್ದು ಎರಡು ವರ್ಷವೂ ಇಲ್ಲ.

ಪಾಠ — ಎರಡು ಥರದ ಪಿಸ್ಟನ್. ನಮ್ಮ ಹಳೆ ರೈಫಲ್ ಎಸ್ಸೆಲ್ಲಾರ್‌ನದು ಶಾರ್ಟ್ ಸ್ಟ್ರೋಕ್. ಗುಂಡು ಹಾರಿದ ಗ್ಯಾಸು ತಳ್ಳಿದಾಗ ಪಿಸ್ಟನ್ನು, ಖಾಲಿ ತೋಟಾ ಎಳೆದು ಹಾಕುವ ಕ್ಯಾರಿಯರಿಗೆ ಒಂದೇಟು ಕೊಟ್ಟು ನಿಲ್ಲುತ್ತದೆ, ಸ್ಪ್ರಿಂಗು ಅದನ್ನು ವಾಪಸ್ ಕೂರಿಸುತ್ತದೆ. ಕ್ಯಾರಿಯರು ತಾನೇ ಹಿಂದೆ ಓಡುತ್ತದೆ. ಈಗ ಬಂದಿರುವ ಎಕೆಯದು ಲಾಂಗ್ ಸ್ಟ್ರೋಕ್. ಪಿಸ್ಟನ್ನು, ಕ್ಯಾರಿಯರು ಎರಡೂ ಒಂದೇ ಮೈ, ಕೊನೆತನಕ ಕೂಡಿ ಹೋಗಿ ಕೂಡಿಯೇ ಬರುತ್ತವೆ. ಇಷ್ಟೇ. ಇಷ್ಟು ಹೇಳಲು ನಾಲಗೆ ಒಣಗುತ್ತದೆ.

7 ಮೇ

ಎರಡು ಕಟ್ಟಿಗೆ ಮಾಡೆಲ್ ಮಾಡಿಸುವುದು ಎಂದು ನಿಶ್ಚಯ. ಬಡಿಗೇರ ಗಂಗಾರಾಮನಿಗೆ ಚಿತ್ರ ಬರೆದು ಕೊಟ್ಟೆ. ಮಗ್ಗದ ಕೆಲಸಕ್ಕೆ ಊರಿಗೇ ಹೆಸರಾದವನು. ಸ್ಪ್ರಿಂಗಿಗೆ ಹಳೆ ಸೈಕಲ್ ಸೀಟು. ಎಲ್ಲ ಕೇಳಿ "ಹೂಂ" ಎಂದ. ನಾನೂ ನಂಬಿದೆ.

14 ಮೇ, ಸಂಜೆ

ತಲೆ ಕೆಟ್ಟಿತು. ನಾಡಿದ್ದು ಹೊರಡಬೇಕು. ಮಾಡೆಲ್ ಬಂದವು — ಸಾಗವಾನಿ, ಕೈಯಿಟ್ಟರೆ ಜಾರುವಷ್ಟು ನುಣುಪು. ತಳ್ಳಿದರೆ ಎರಡೂ ಲಾಂಗ್ ಸ್ಟ್ರೋಕ್. ಶಾರ್ಟ್‌ನ ಪಿಸ್ಟನ್ನನ್ನೂ ಕ್ಯಾರಿಯರಿಗೆ ಮೊಳೆ ಬಡಿದು ಕೂಡಿಸಿಬಿಟ್ಟಿದ್ದಾನೆ. ಮೇಲೆ ಹೆಮ್ಮೆ ಬೇರೆ.

"ಸಡ್ಲ ಇತ್ರಿ. ನೀವು ಮರ್ತಿರಬೇಕಂತ ನಾನ ಬಡದೆ. ಮಗ್ಗದಾಗ ಸಡ್ಲ ಬಿಟ್ರ ಸಂಜಿಗೆ ಮುರೀತದ."

ಕೂಗಾಡಿದೆ. ಬಿಡಿಯಾಗಿರುವುದೇ ಅದರ ಗುಣ, ಹೊಡೆದು ನಿಲ್ಲಬೇಕು ಎಂದೆ. ಗಂಗಾರಾಮ ಬಾಜೂ ಮನೆಯ ಮಗ್ಗ ನೋಡುತ್ತ ನಿಂತ.

"ಲಾಳಿ ಇದ್ದಂಗ ಅನ್ರಲಾ. ಕೋಲು ಹೊಡದು ನಿಲ್ತದ, ಲಾಳಿ ತಾನ ಓಡ್ತದ. ಮೊದಲ ಹೇಳಿದ್ರ ಮೊಳಿ ಉಳೀತಿತ್ತು, ಸಿದರಾಯಣ್ಣ."

ಮಗ್ಗದ ಸದ್ದಿನಲ್ಲೇ ಬೆಳೆದವನು ನಾನು. ಬೆಣ್ಣೆ ಕೈಯಲ್ಲಿಟ್ಟುಕೊಂಡು ಊರೆಲ್ಲ ತುಪ್ಪ ಹುಡುಕಿದ ಹಾಗಾಯಿತು. ಕೂಗಾಡಿದ್ದು ತಪ್ಪಾಯಿತು ಎಂದೆ. ಮೊಳೆ ಕೀಳುತ್ತ ನಕ್ಕ.

15 ಮೇ

ಹೊಳೆವ್ವನ ಮುಂದೆ ಪೂರ್ತಿ ಪಾಠ. ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಲೇ ಕೇಳಿದಳು. ಶಾರ್ಟ್‌ನಲ್ಲಿ ಓಡುವ ತೂಕ ಕಡಿಮೆ, ಗುರಿ ಅಷ್ಟು ಅಲುಗುವುದಿಲ್ಲ, ಆದರೆ ಬಿಡಿಭಾಗ ಜಾಸ್ತಿ. ಲಾಂಗ್ ಕುಲುಕುತ್ತದೆ, ಆದರೆ ಮಣ್ಣು ಧೂಳಿಗೆ ಹೆದರುವುದಿಲ್ಲ. ಒಮ್ಮೆಯೂ ತಡವರಿಸಲಿಲ್ಲ ನಾನು. ಯಾವುದು ಛಲೋ ಎಂದು ಕೇಳಿದಳು. ಕೆಲಸ ನೋಡಿ ಹೇಳಬೇಕು, ನನ್ನ ಮನಸ್ಸು ಮಾತ್ರ ಎಸ್ಸೆಲ್ಲಾರ್ ಕಡೆಗೆ ಎಂದೆ.

ಕಂಡಿಕೆ ಕೆಳಗಿಟ್ಟಳು. "ವರ್ಷಕ್ಕೊಮ್ಮಿ ಬಂದು ಮನಿ ಒಂದೀಟು ತಳ್ಳಿ ಹೋಗಿಬಿಡ್ತೀರಿ. ಮುಂದ ನಾ ಒಬ್ಬಾಕೀನ ಓಡಬೇಕು. ನನಗ ಕೂಡಿ ಹೋಗೂದ ಛಲೋ ಅನಸ್ತದ್ರಿ."

ಅವಳು ಅಳಲಿಲ್ಲ. ಕಂಡಿಕೆ ಮತ್ತೆ ಕೈಗೆತ್ತಿಕೊಂಡಳು.

4 ಜೂನ್. ಬ್ಯಾರಕ್ಕು

ಪಾಸು! ಲಾಳಿಯ ಮಾತನ್ನು ನನ್ನ ಹರಕು ಹಿಂದಿಯಲ್ಲೇ ಹೇಳಿದೆ. ಸುಬೇದಾರ್ ಸಾಹೇಬರು ಮಾಡೆಲ್ ತಳ್ಳಿ ನೋಡಿ, ಈ ತೂತು ಏನು ಎಂದರು. ಮೊಳೆಯ ಕಥೆ ಹೇಳಿದೆ. ಅದನ್ನೂ ಪಾಠದಲ್ಲಿ ಸೇರಿಸು ಎಂದರು.

19 ಜುಲೈ

ಕ್ವಾರ್ಟರಿನ ಕೀಲಿ ಸಿಕ್ಕಿತು. ಒಂದು ಕೋಣೆ, ಅಡಿಗೆಮನೆ, ಬಾಗಿಲ ಮುಂದೆ ಬೇವಿನ ಗಿಡ. ತಂತಿ ಹೊಡಿ, ಅವಳಣ್ಣ ರೈಲು ಹತ್ತಿಸುತ್ತಾನೆ ಎಂದರು ಎಲ್ಲರೂ. ಪೋಸ್ಟ್ ಆಫೀಸಿಗೆ ಹೋದೆ, ಫಾರಂ ತುಂಬಿದೆ, ಹರಿದು ಹಾಕಿದೆ. ಈಗ ಏಳು ದಿನದ ರಜೆಗೆ ಅರ್ಜಿ ಬರೆಯುತ್ತಿದ್ದೇನೆ. ಕಾರಣ: ಹೆಂಡತಿಯನ್ನು ಕರೆತರಲು. ಒಬ್ಬಳೇ ಬರಲಾರಳೇ ಎಂದು ಸಾಹೇಬರು ಕೇಳಿಯೇ ಕೇಳುತ್ತಾರೆ. ಬರಬಲ್ಲಳು. ಆದರೆ ಈ ಸಲ ನಾನೇ ಅಲ್ಲಿತನಕ ಹೋಗಿ, ಕೂಡಿ —